ಆರ್ಡಿತ್ ಕೆತ್ತಿ ತೆಗೆದ ಸಿಮೆಂಟು

ಆರ್ಡಿತ್ ಕೆಸಿಂಜರ್ ಎರಡೂವರೆ ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದಳು. ತಪ್ಪು ನನ್ನದೇ. ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ನನಗೆ ಸುಲಭ.

ನಾವಿಬ್ಬರೂ ಟ್ಯಾಬಿತಾ ಕುಲುಮೆಯಲ್ಲಿ ಕೆಲಸಕ್ಕಿದ್ದವರು. ಅದರ ಬೆಂಕಿ ಆರಿ ನೂರೈವತ್ತು ವರ್ಷ ಆಗಿದೆ. ಸ್ಲೇಟ್ ಹಳ್ಳದ ದಂಡೆಯಲ್ಲಿ, ಮರಳುಗಲ್ಲಿನಲ್ಲಿ ಕಟ್ಟಿದ ಆರಾಳೆತ್ತರದ ಚೌಕ ಗೋಪುರ ಅದು. ಬುಡದಲ್ಲಿ ದಪ್ಪ, ಮೇಲೆ ಹೋದಂತೆ ಸಣ್ಣ, ಪೂರ್ವಕ್ಕೆ ದೊಡ್ಡದೊಂದು ಕಮಾನು. ಒಂದು ಕಾಲದಲ್ಲಿ ಅದರ ನೆತ್ತಿಯಿಂದ ಅದಿರು, ಇದ್ದಿಲು ಸುರಿದು ಬುಡದಿಂದ ಕಬ್ಬಿಣ ಇಳಿಸುತ್ತಿದ್ದರು. ಕಟ್ಟಿಸಿದ ಯಜಮಾನ ತನ್ನ ಹೆಂಡತಿಯ ಹೆಸರಿಟ್ಟಿದ್ದ. ಅವನ ವಂಶದವರು ದಿವಾಳಿಯೆದ್ದು ಹೋದ ಮೇಲೆ ಕುಲುಮೆಯನ್ನೂ ಸುತ್ತಲಿನ ಎರಡು ಸಾವಿರ ಎಕರೆ ಕಾಡನ್ನೂ ರಾಜ್ಯ ಸರ್ಕಾರ ತೆಗೆದುಕೊಂಡು, ಐತಿಹಾಸಿಕ ತಾಣ ಎಂದು ಹಸಿರು ಬೋರ್ಡು ನೆಟ್ಟಿತು. ಕಾಡಿನೊಳಗೆ ಕೆಲಸಗಾರರ ಸ್ಮಶಾನವೊಂದಿದೆ. ಅಲ್ಲಿ ಹೆಸರು ಕೆತ್ತಿದ ಕಲ್ಲುಗಳಿಲ್ಲ. ಹೊಲದಿಂದ ಹೊತ್ತು ತಂದು ನೆಟ್ಟ ಒರಟು ಕಲ್ಲುಗಳು ಮಾತ್ರ. ಆರ್ಡಿತ್‌ಳ ಮುತ್ತಜ್ಜ ಅಲ್ಲಿ ಮಲಗಿದ್ದಾನೆ. ಯಾವ ಕಲ್ಲಿನ ಕೆಳಗೆ ಎನ್ನುವುದು ಅವಳಿಗೆ ಗೊತ್ತು. ಅವಳ ಅಪ್ಪ ಕೈಹಿಡಿದು ತೋರಿಸಿದ್ದ, ಅವನಿಗೆ ಅವನಪ್ಪ ತೋರಿಸಿದ್ದ.

ಅಪ್ಪ ಹೋಬರ್ಟ್ ಕಲ್ಲುಕೆಲಸದವನು. ಗಂಡುಮಕ್ಕಳಿರಲಿಲ್ಲ, ಇದ್ದ ಒಬ್ಬಳೇ ಮಗಳಿಗೆ ಕೆಲಸ ಕಲಿಸಿದ. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿ ಅರಳಿಸುವುದು, ಅದನ್ನು ತಿಂಗಳುಗಟ್ಟಲೆ ಗುಂಡಿಯಲ್ಲಿ ಕೊಳೆಹಾಕುವುದು, ಹಳ್ಳದ ಮರಳು ಜರಡಿ ಹಿಡಿದು ಗಾರೆ ಕಲಸುವುದು, ಸಂದಿಗೆ ತುಂಬಿ ಒದ್ದೆ ಗೋಣಿ ಹೊದಿಸುವುದು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಅವಳು ಸರ್ಕಾರದ ಕೆಲಸಕ್ಕೆ ಸೇರಿದಾಗ ಕಾಗದದ ಮೇಲೆ ಅವಳ ಕೆಲಸ ಹುಲ್ಲು ಕತ್ತರಿಸುವುದು, ಪಾಯಿಖಾನೆ ತೊಳೆಯುವುದು. ಗಾರೆ ಕೆಲಸವನ್ನು ಯಾರೂ ಹೇಳಲಿಲ್ಲ. ಅವಳೇ ಮಾಡಿದಳು. ಪ್ರತಿ ಬೇಸಿಗೆಯಲ್ಲೂ ಏಣಿ ಹಾಕಿ, ಮಳೆ ಹಿಮಕ್ಕೆ ತೊಳೆದುಹೋದ ಸಂದಿಗಳನ್ನು ಹುಡುಕಿ ಹುಡುಕಿ ತುಂಬುತ್ತಿದ್ದಳು. ಮೂವತ್ತು ವರ್ಷಕ್ಕೂ ಹೆಚ್ಚು.

ಗಿಡ್ಡ ಹೆಂಗಸು. ಮಣಿಕಟ್ಟು ಮಾತ್ರ ಗಂಡಸರಿಗಿಂತ ದಪ್ಪ. ಮದುವೆ ಎರಡು ವರ್ಷ ನಡೆಯಿತು. ಆಮೇಲೆ ಆ ಮನುಷ್ಯ ಟೆಕ್ಸಾಸಿಗೆ ಹೋದ, ಇವಳು ಹೋಗಲಿಲ್ಲ. ನಾನು ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದೆ. ಶಾಲೆಯ ಮಕ್ಕಳು ಬಂದರೆ ಏಣಿಯ ಮೇಲಿಂದಲೇ ಪಾಠ ಮಾಡುತ್ತಿದ್ದಳು.

"ಗಾರೆ ಕಲ್ಲಿಗಿಂತ ಮೆತ್ತಗಿರ್ಬೇಕು ಕಣ್ರೋ. ಕಲ್ಲೊಳಗೆ ಹೋದ ನೀರು ಗಾರೆ ದಾರೀಲಿ ಹೊರಗ್ಬರತ್ತೆ. ಗಾರೆ ಸವೀತದೆ, ನಾನು ಮತ್ತೆ ತುಂಬ್ತೀನಿ. ಕಲ್ಲು ಸವೆದ್ರೆ ಯಾರು ತುಂಬ್ತಾರೆ? ನಿಮ್ಮ ಟೀಚರಾ?"

ಮಕ್ಕಳು ಟೀಚರನ್ನು ನೋಡಿ ನಗುತ್ತಿದ್ದವು.

ರಾಜಧಾನಿಯಲ್ಲಿ ಖರ್ಚು ಕಡಿಮೆ ಮಾಡುವ ಕಾಲ ಬಂತು. ಮೊದಲು ನಮ್ಮ ಗೈಡ್ ಹೋದ. ಆಮೇಲೆ ಕಾಡು ಕಾಯುವ ರೇಂಜರ್ ಹೋದ. ನನ್ನ ಕೆಲಸ ಬೇಸಿಗೆಗೆ ಮಾತ್ರ ಎಂದಾಯಿತು. ಕೊನೆಗೆ ಸುಣ್ಣಕ್ಕೂ ಕತ್ತರಿ ಬಿತ್ತು. ನಮ್ಮ ವಿಭಾಗದ ಮ್ಯಾನೇಜರು ಪ್ರೆಸ್ಟನ್ ಲೈಲ್ ಎಂಬವರು ಒಂದೂವರೆ ಗಂಟೆ ದಾರಿ ದೂರದ ಆಫೀಸಿನಲ್ಲಿ ಕೂತು ಫೋನಿನಲ್ಲಿ ಆಳುತ್ತಿದ್ದರು.

"ಆರ್ಡಿತ್, ಸುಣ್ಣ ಅಂತ ಯಾವ ಬಾಬ್ತೂ ನಮ್ಮ ಪಟ್ಟೀಲಿಲ್ಲ. ಸೋಪ್ ಇದೆ, ಪೆಟ್ರೋಲ್ ಇದೆ."

"ಸೋಪ್ ಹಾಕಿ ಗೋಡೆ ನಿಲ್ಸೋಕಾಗತ್ತಾ ಸಾರ್?"

"ನಾನು ನಿಮ್ಮ ಪರವಾಗೇ ಇದೀನಿ."

"ಪರವಾಗಿದ್ರೆ ನಾಕು ಮೂಟೆ ಕಳ್ಸಿ."

ಕಳಿಸಲಿಲ್ಲ. ಐದು ಚಳಿಗಾಲ ಕುಲುಮೆ ಗಾರೆಯಿಲ್ಲದೆ ನಿಂತಿತು. ಸಂದಿಗಳಲ್ಲಿ ಬರ್ಚ್ ಗಿಡ ಹುಟ್ಟಿದವು. ಆರ್ಡಿತ್ ಅವನ್ನು ಕಿತ್ತು ಕಿತ್ತು ಎಸೆಯುತ್ತಿದ್ದಳು.

ಎರಡು ಸಾವಿರದ ಹದಿನಾಲ್ಕರಲ್ಲಿ ಒಳ್ಳೆಯ ಸುದ್ದಿ ಬಂತು. ನಮ್ಮ ಕಡೆಯ ರಾಜ್ಯ ಸೆನೆಟರ್ ಗ್ರೇಡನ್ ಹಫ್ ಎಂಬವರು ಟ್ಯಾಬಿತಾ ಕುಲುಮೆಯ ಜೀರ್ಣೋದ್ಧಾರಕ್ಕೆ ಸರ್ಕಾರದಿಂದ ಹಣ ಮಂಜೂರು ಮಾಡಿಸಿದರು. ನಾಲ್ಕು ಲಕ್ಷ ಡಾಲರು. ಅಂದು ಆರ್ಡಿತ್ ನಕ್ಕಿದ್ದನ್ನು ನಾನು ಮರೆತಿಲ್ಲ. ಮನೆಯಿಂದ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು, ಬ್ಲ್ಯಾಕ್‌ಬೆರಿ ಹಣ್ಣಿನ ಪೈ ಎಲ್ಲ ತಂದು ಟಿಕೆಟ್ ಕೋಣೆಯಲ್ಲಿ ಹರಡಿದಳು. ಶೆಡ್ಡಿನ ಹಿಂದಿನ ಸುಣ್ಣದ ಗುಂಡಿಯನ್ನು ಒಂದು ವಾರ ಕೂತು ಚೊಕ್ಕಟ ಮಾಡಿದಳು. ಕೆಲಸಕ್ಕೆ ಬರುವವರಿಗೆ ತೋರಿಸಬೇಕೆಂದು ಯಾವ ಸಂದಿ ಎಷ್ಟು ಆಳ ಎಂದು ಗೋಡೆಯ ನಾಲ್ಕೂ ಮುಖದ ಚಿತ್ರ ಬರೆದಿಟ್ಟಳು.

ಆಗಸ್ಟಿನಲ್ಲಿ ಲಾರಿ ಬಂತು. ಗುತ್ತಿಗೆ ಹಿಡಿದವನು ಹಫ್ ಅವರ ಹೆಂಡತಿಯ ಅಣ್ಣನ ಮಗ. ಅವನಿಗೆ ಗೊತ್ತಿದ್ದದ್ದು ವಾಹನ ನಿಲ್ಲಿಸುವ ಅಂಗಳ ಮತ್ತು ಅಂಗಡಿ ಕಟ್ಟಡಗಳ ಕೆಲಸ. ಲಾರಿಯಿಂದ ಇಳಿದದ್ದು ಸಿಮೆಂಟು. ಆರ್ಡಿತ್ ಮೂಟೆಯ ಮೇಲಿದ್ದ ಅಕ್ಷರ ಓದಿ ಮೇಸ್ತ್ರಿಯ ಹತ್ತಿರ ಹೋದಳು.

"ಇದನ್ನ ಎಲ್ಲಿಗೆ ಹಾಕ್ತೀರಿ?"

"ಎಲ್ಲಿಗೆ ಅಂದ್ರೆ? ಗೋಡೆಗೆ."

"ಮರಳುಗಲ್ಲಿಗೆ ಸಿಮೆಂಟ್ ಹಾಕ್ತೀರಾ? ಒಳಗಿನ ನೀರು ಎಲ್ಲಿಂದ ಹೊರಗ್ಬರ್ಬೇಕು? ಚಳೀಲಿ ಆ ನೀರು ಗಟ್ಟಿಯಾಗಿ ಕಲ್ಲನ್ನೇ ಸೀಳಾಕತ್ತೆ."

"ನೀವು ಇಲ್ಲಿ ಇಂಜಿನಿಯರಾ ಮೇಡಂ?"

"ನಾನಿಲ್ಲಿ ಟಾಯ್ಲೆಟ್ ತೊಳೆಯೋಳು. ಅದಕ್ಕೇ ಕೊಳಕು ಕೆಲಸ ಯಾವ್ದು ಅಂತ ಬೇಗ ಗೊತ್ತಾಗತ್ತೆ."

ಅವನು ನಕ್ಕುಬಿಟ್ಟ. ಅವಳು ಲೈಲ್‌ಗೆ ಫೋನ್ ಮಾಡಿದಳು. ಮೂರು ಕಾಗದ ಬರೆದಳು. ಮೊದಲ ಎರಡಕ್ಕೆ ಉತ್ತರ ಬರಲಿಲ್ಲ. ಮೂರನೆಯದಕ್ಕೆ ಬಂದ ಉತ್ತರದಲ್ಲಿ, ನಿರ್ವಹಣಾ ಸಿಬ್ಬಂದಿ ಗುತ್ತಿಗೆದಾರರ ಕೆಲಸದಲ್ಲಿ ತಲೆಹಾಕುವುದು ಶಿಸ್ತುಕ್ರಮಕ್ಕೆ ಕಾರಣವಾಗಬಹುದು ಎಂದಿತ್ತು. ಅವಳು ಬರೆದ ಗೋಡೆಯ ಚಿತ್ರಗಳನ್ನು ಮೇಸ್ತ್ರಿ ಊಟದ ಹೊತ್ತು ಕೆಳಗೆ ಹಾಸಿಕೊಂಡು ಕೂತಿದ್ದನ್ನು ನಾನೇ ಕಂಡೆ. ಅವಳಿಗೆ ಹೇಳಲಿಲ್ಲ.

ಆರು ವಾರದಲ್ಲಿ ನಾಲ್ಕೂ ಮುಖದ ಸಂದಿಗಳು ಬೂದುಬಣ್ಣದ ಗಟ್ಟಿ ಗೆರೆಗಳಾದವು. ನೋಡಲು ಹೊಸದರಂತಿತ್ತು, ನಿಜ. ಅಕ್ಟೋಬರಿನಲ್ಲಿ ಸಮಾರಂಭ. ಸೆನೆಟರ್ ಹೆಸರಿನ ಕಂಚಿನ ಫಲಕ, ಕೆಂಪು ರಿಬ್ಬನ್ನು, ಹೈಸ್ಕೂಲಿನ ಬ್ಯಾಂಡು. ಕತ್ತರಿ ಇಟ್ಟ ತಟ್ಟೆ ಹಿಡಿದು ನಿಲ್ಲಲು ಲೈಲ್ ನನಗೆ ಹೇಳಿದರು. ನಾನು ಕೂದಲು ಬಾಚಿಕೊಂಡು, ನೀಲಿ ಕೋಟು ಹಾಕಿಕೊಂಡು ನಿಂತೆ. ಬೇಸಿಗೆಯ ಕೆಲಸವೂ ತಪ್ಪಿದರೆ ಏನು ಗತಿ ಎಂಬ ಹೆದರಿಕೆ ನನಗಿತ್ತು. ಆದರೆ ಅಂದು ತೆಗೆದ ಫೋಟೋದಲ್ಲಿ ನಾನು ನಗುತ್ತಿರುವುದು ಹೆದರಿಕೆಗಲ್ಲ. ಸೆನೆಟರು ನನ್ನ ಹೆಸರು ಹಿಡಿದು ಕರೆದರು ಎಂದು ಹಿಗ್ಗಿ ನಕ್ಕಿದ್ದೆ.

ಆರ್ಡಿತ್ ಶೆಡ್ಡಿನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದಳು.

"ಫೋಟೋ ಚೆನ್ನಾಗ್ ಬಂತಾ ವಿಲ್ಮಾ?"

"ಆರ್ಡಿತ್, ನಾನೇನ್ ಮಾಡ್ಲಿ ಹೇಳು..."

"ಏನೂ ಮಾಡ್ಬೇಡ. ನೀನು ಯಾವತ್ತೂ ಏನೂ ಮಾಡಿಲ್ಲ. ತಟ್ಟೆ ಹಿಡ್ಕೊಂಡು ನಿಲ್ಲೋಕೆ ಅಷ್ಟು ಸಾಕು."

ಅಂದಿನಿಂದ ಮಾತು ನಿಂತಿತು. ಒಂದೇ ಕೋಣೆಯಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದೆವು. ಪಾಯಿಖಾನೆಯ ಬೀಗದಕೈ ಬೇಕಾದರೂ ಚೀಟಿ ಬರೆದು ನನ್ನ ಮೇಜಿನ ಮೇಲಿಡುತ್ತಿದ್ದಳು.

ಮೊದಲ ಚಳಿಗಾಲಕ್ಕೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಕಲ್ಲಿನ ಮುಖಗಳು ಈರುಳ್ಳಿ ಸಿಪ್ಪೆಯ ಹಾಗೆ ಪದರ ಬಿಟ್ಟವು. ಸಿಮೆಂಟಿನ ಗೆರೆ ಹಾಗೇ ಇತ್ತು, ನಡುವಿನ ಕಲ್ಲು ಪುಡಿಯಾಗಿ ಒಳಕ್ಕೆ ಸರಿದಿತ್ತು. ಮೂರನೆಯ ಚಳಿಗಾಲದ ಕೊನೆಗೆ, ಮಾರ್ಚಿನ ಒಂದು ಬಿಸಿಲಿನ ದಿನ, ನಾಲ್ಕನೇ ತರಗತಿಯ ಮಕ್ಕಳು ಕುಲುಮೆ ನೋಡಲು ಬಂದರು. ಪಶ್ಚಿಮದ ಗೋಡೆ ನಡುವಿನಲ್ಲಿ ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಆರ್ಡಿತ್ ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಟೀಚರಿಗೆ ಸಿಟ್ಟು ಬಂತು. ಫೋಟೋ ತೆಗೆಯಬೇಕಿತ್ತು, ಮಕ್ಕಳನ್ನು ಐದು ನಿಮಿಷ ಗೋಡೆಯ ಬುಡದಲ್ಲಿ ನಿಲ್ಲಿಸಿಯೇ ಬಿಟ್ಟಳು. ಆರ್ಡಿತ್ ಕೂಗಾಡಿ ಅವರನ್ನು ಅಲ್ಲಿಂದ ಸರಿಸಿ ಬಸ್ಸಿಗೆ ಹತ್ತಿಸಿದಳು. ಎರಡು ಗಂಟೆ ಕಳೆದಿರಲಿಲ್ಲ. ಒಲೆಯ ಗಾತ್ರದ ಎರಡು ಕಲ್ಲು, ಅವುಗಳ ಬೆನ್ನಿಗೆ ಒಂದು ಗಾಡಿ ಮಣ್ಣು, ಮಕ್ಕಳು ನಿಂತಿದ್ದ ಜಾಗದಲ್ಲೇ ಬಿತ್ತು. ಶಾಲೆಯವರು ಬರುತ್ತಾರೆಂದು ಆ ಒಂದು ದಿನ ಟಿಕೆಟ್ ಕಿಟಕಿಗೆ ಬಂದಿದ್ದ ನಾನು ಓಡಿ ಬಂದೆ. ಆರ್ಡಿತ್ ಧೂಳಿನ ನಡುವೆ ನಿಂತಿದ್ದಳು. ನಾನು ಅವಳ ಭುಜ ಹಿಡಿಯಲು ಹೋದೆ, ಕೊಡವಿಕೊಂಡಳು.

ಆ ಸಂಜೆಯೇ ಲೈಲ್ ಬಂದರು. ಇಡೀ ತಾಣಕ್ಕೆ ತಂತಿಬೇಲಿ ಹಾಕಿಸಿದರು. ತಿಂಗಳ ಕೊನೆಗೆ ನಮ್ಮಿಬ್ಬರಿಗೂ ಕಾಗದ ಬಂತು: ಜನ ಬಾರದ ಜಾಗಕ್ಕೆ ಸಿಬ್ಬಂದಿ ಬೇಡ. ಮೂವತ್ತೆಂಟು ವರ್ಷದ ಕೆಲಸ ಆರ್ಡಿತ್‌ಗೆ ಒಂದು ಪುಟದಲ್ಲಿ ಮುಗಿಯಿತು. ಸರ್ಕಾರದ ಹಸಿರು ಟೋಪಿ ಹಿಂದಿರುಗಿಸಬೇಕು ಎಂದೂ ಅದರಲ್ಲಿತ್ತು. ಅವಳು ಹಿಂದಿರುಗಿಸಲಿಲ್ಲ.

ಅದಾಗಿ ಮೂರು ವಾರಕ್ಕೆ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಸೆನೆಟರ್ ಹಫ್ ಒಂದು ಮಸೂದೆ ತಂದಿದ್ದರು. ಕುಲುಮೆ ಅಪಾಯಕಾರಿ, ಐತಿಹಾಸಿಕ ತಾಣವಾಗಿ ಉಳಿಯುವ ಯೋಗ್ಯತೆ ಇಲ್ಲ, ಆದ್ದರಿಂದ ಸುತ್ತಲಿನ ಕಾಡು ಸರ್ಕಾರಕ್ಕೆ ಹೆಚ್ಚುವರಿ ಭೂಮಿ, ಅದನ್ನು ಒಂದು ಖಾಸಗಿ ಬೇಟೆ ಕ್ಲಬ್ಬಿಗೆ ಮಾರಬಹುದು ಎಂದು. ನಕ್ಷೆಯಲ್ಲಿ ಸ್ಮಶಾನವೂ ಸೇರಿತ್ತು. ನಕ್ಷೆ ಬರೆದವನಿಗೆ ಅಲ್ಲಿ ಸ್ಮಶಾನವಿದೆ ಎನ್ನುವುದೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬಿಟ್ಟನೋ.

ಪತ್ರಿಕೆ ಬಂದ ಬೆಳಿಗ್ಗೆ ನನ್ನ ಫೋನ್ ರಿಂಗಾಯಿತು.

"ನಿನ್ನ ಕಾರು ಓಡ್ತಿದ್ಯಾ?"

ಎರಡೂವರೆ ವರ್ಷದ ನಂತರದ ಮೊದಲ ಮಾತು ಅದು.

"ಓಡ್ತಿದೆ ಆರ್ಡಿತ್."

"ಗುರುವಾರ ರಾಜಧಾನೀಲಿ ಆ ಮಸೂದೆ ವಿಚಾರಣೆ. ನನ್ನ ಟ್ರಕ್ಕು ಅಷ್ಟು ದೂರ ಬರಲ್ಲ. ಆರು ಗಂಟೆಗೆ ಬಾ. ಮತ್ತೆ ಕೇಳು, ಆ ನೀಲಿ ಕೋಟು ಹಾಕ್ಕೊಂಡು ಬರ್ಬೇಡ."

ಇನ್ನೊಂದು ಕೋಟನ್ನೇ ಹಾಕಿಕೊಂಡು ಹೋದೆ.

ವಿಧಾನಸಭೆಯ ಸಮಿತಿಯ ಕೋಣೆಯಲ್ಲಿ ಸಾರ್ವಜನಿಕರಿಗೆ ತಲಾ ಎರಡು ನಿಮಿಷ. ಹಫ್ ಮೇಜಿನ ಆ ಕಡೆ ಕೂತಿದ್ದರು, ಬಿಳಿಕೂದಲು, ಮೃದುವಾದ ದನಿ. ಬೇಟೆ ಕ್ಲಬ್ಬಿನ ವಕೀಲ ಇಪ್ಪತ್ತು ನಿಮಿಷ ಮಾತಾಡಿದ. ಅವನಿಗೆ ಗಡಿಯಾರ ಇರಲಿಲ್ಲ. ಆರ್ಡಿತ್‌ಳ ಸರದಿ ಬಂದಾಗ ಅವಳು ಚೀಲದಿಂದ ಎರಡು ವಸ್ತು ತೆಗೆದು ಮೈಕಿನ ಪಕ್ಕ ಇಟ್ಟಳು. ಒಂದು ಹಳೆಯ ಸುಣ್ಣದ ಗಾರೆಯ ಉಂಡೆ, ಇನ್ನೊಂದು ಸಿಮೆಂಟಿನ ತುಂಡು, ಅದಕ್ಕೆ ಕಲ್ಲಿನ ಚರ್ಮ ಸುಲಿದು ಅಂಟಿಕೊಂಡಿತ್ತು.

"ನೂರೆಂಬತ್ತು ವರ್ಷ ನಿಂತಿದ್ದನ್ನ ನೀವು ಮೂರು ವರ್ಷದಲ್ಲಿ ಕೊಂದ್ರಿ. ಸರ್ಕಾರದ ದುಡ್ಡಲ್ಲೇ ಕೊಂದ್ರಿ. ಬೇಡ ಅಂತ ಮೂರು ಕಾಗದ ಬರ್ದೆ. ಈಗ ಸತ್ತೋಯ್ತು ಅಂತ ಮನೆ ಮಾರ್ತಿದೀರಿ. ಆ ಕಾಡಲ್ಲಿ ನನ್ನ ಮುತ್ತಾತ ಮಲಗಿದಾನೆ. ಅವನ ತಲೆ ಮೇಲೆ ಜಿಂಕೆ ಹೊಡೀತೀರಾ?"

ಹಫ್ ತಲೆ ಬಾಗಿಸಿ, ದುಃಖದ ಮುಖ ಮಾಡಿ, "ಅಮ್ಮಾ, ನಿಮ್ಮ ಭಾವನೆ ನಮಗೆಲ್ಲ ಅರ್ಥವಾಗುತ್ತೆ" ಎಂದರು.

"ಭಾವನೆ ಅಲ್ಲಯ್ಯಾ, ಗಾರೆ! ನಾನು ಗಾರೆ ವಿಷ್ಯ ಹೇಳ್ತಿದೀನಿ!"

ಅಷ್ಟರಲ್ಲಿ ಮೈಕು ಸತ್ತಿತು. ಎರಡು ನಿಮಿಷ ಮುಗಿದಿತ್ತು. ಮೂವತ್ತೆಂಟು ವರ್ಷ ಹುಲ್ಲು ಕತ್ತರಿಸುವ ಯಂತ್ರದ ಸದ್ದಿನ ಮೇಲೆ ಕೂಗಿ ಮಾತಾಡಿದ ಗಂಟಲಿಗೆ ಮೈಕು ಯಾಕೆ? ಅವಳು ಮುಂದುವರಿಸಿದಳು. ಗುತ್ತಿಗೆ ಹಿಡಿದವನು ಹಫ್ ಅವರಿಗೆ ಏನಾಗಬೇಕು ಎನ್ನುವುದನ್ನೂ ಹೇಳಿದಳು. ಇಬ್ಬರು ಕಾವಲಿನವರು ಬಂದು ಅವಳ ತೋಳು ಹಿಡಿದು ಹೊರಗೆ ನಡೆಸಿಕೊಂಡು ಹೋದರು. ನಾನು ಆ ಗಾರೆ ಉಂಡೆಯನ್ನೂ ಸಿಮೆಂಟಿನ ತುಂಡನ್ನೂ ಚೀಲಕ್ಕೆ ಹಾಕಿಕೊಂಡು ಹಿಂದೆ ಓಡಿದೆ.

ಹಿಂದಿರುಗುವಾಗ ಅರ್ಧ ದಾರಿಯಲ್ಲಿ ಅವಳು ಡ್ಯಾಶ್‌ಬೋರ್ಡಿಗೆ ಮುಷ್ಟಿಯಿಂದ ಗುದ್ದಿದಳು, ನನ್ನ ಕಾರಿನ ಗಡಿಯಾರ ಅಂದಿನಿಂದ ನಡೆಯುವುದಿಲ್ಲ. ಮನೆ ಮುಂದೆ ಇಳಿಯುವಾಗ, "ಪೂರ್ವದ ಗೋಡೆ ಇನ್ನೂ ಉಬ್ಬಿಲ್ಲ, ನೋಡಿದೀಯಾ?" ಎಂದಳು.

ಜೂನ್ ಮೊದಲ ಸೋಮವಾರ ಬೆಳಿಗ್ಗೆ ಏಳಕ್ಕೆ ಅವಳು ಬೇಲಿ ದಾಟಿದಳು. ಕದ್ದುಮುಚ್ಚಿ ಅಲ್ಲ. ಹಸಿರು ಟೋಪಿ ಹಾಕಿಕೊಂಡು, ಟ್ರಕ್ಕನ್ನು ರಸ್ತೆಗೆ ಕಾಣುವಂತೆ ನಿಲ್ಲಿಸಿ, ಅಪ್ಪನ ಉಳಿ ಸುತ್ತಿಗೆ ತೆಗೆದುಕೊಂಡು, ಪೂರ್ವದ ಗೋಡೆಯ ಸಿಮೆಂಟನ್ನು ಗೆರೆ ಗೆರೆಯಾಗಿ ಕೆತ್ತಿ ತೆಗೆಯತೊಡಗಿದಳು. ಕಲ್ಲಿಗೆ ಪೆಟ್ಟಾಗದಂತೆ, ಹಲ್ಲಿನ ವೈದ್ಯರ ಹಾಗೆ. ಮಧ್ಯಾಹ್ನದ ಹೊತ್ತಿಗೆ ಬಾಗಿಲಿನಷ್ಟು ಜಾಗ ಖಾಲಿ ಮಾಡಿ, ಅದಕ್ಕೆ ಸುಣ್ಣದ ಗಾರೆ ತುಂಬಿ, ಒದ್ದೆ ಗೋಣಿ ಹೊದಿಸಿದಳು. ಸುಣ್ಣ ತನ್ನ ಹಿತ್ತಿಲಿನಲ್ಲೇ ಅರಳಿಸಿದ್ದಳು.

ಸುದ್ದಿ ಕೇಳಿ ಎರಡನೆಯ ದಿನ ನಾನು ಹೋದೆ. ಬೇಲಿಯ ಈ ಕಡೆ ನಿಂತೆ.

"ನಿನ್ನನ್ನ ಜೈಲಿಗ್ ಹಾಕ್ತಾರೆ ಕಣೇ."

"ಹಾಕ್ಲಿ. ಅಲ್ಲಿ ಗೋಡೆ ಹೇಗ್ ಕಟ್ಟಿದಾರೆ ನೋಡ್ಬೇಕು."

"ನಾನೇನಾದ್ರೂ ಮಾಡ್ಲಾ?"

ಅವಳು ಏಣಿಯಿಂದ ನನ್ನನ್ನು ಒಂದು ಗಳಿಗೆ ನೋಡಿದಳು. "ನೀರು ತಾ," ಎಂದಳು.

ನಾನು ಬೇಲಿ ಹತ್ತಿದೆ. ಅರವತ್ತೊಂದು ವರ್ಷಕ್ಕೆ ಬೇಲಿ ಹತ್ತಿದ್ದು ಹೇಗೆಂದು ಕೇಳಬೇಡಿ. ಹಳ್ಳದಿಂದ ನೀರು ಹೊತ್ತೆ, ಗೋಣಿ ನೆನೆಸಿದೆ, ಮರಳು ಜರಡಿ ಹಿಡಿದೆ, ಕಾಫಿ ತಂದುಕೊಟ್ಟೆ. ಕ್ಷಮೆ ಕೇಳಲು ಬಾಯಿ ತೆರೆದಾಗೆಲ್ಲ ಅವಳು "ಗೋಣಿ ಒಣಗ್ತಿದೆ" ಎನ್ನುತ್ತಿದ್ದಳು.

ಜನ ನೋಡಲು ಬರುತ್ತಿದ್ದರು. ಕೆಲವರು ಹುಚ್ಚಿ ಎಂದರು. ಕೆಲವರು ಸ್ಯಾಂಡ್‌ವಿಚ್ ತಂದು ಬೇಲಿಯ ಮೇಲಿಂದ ದಾಟಿಸಿದರು. ನಲವತ್ತೊಂದನೆಯ ದಿನ ಕೌಂಟಿಯ ಪೊಲೀಸು, ಶೆರಿಫನ ಕಡೆಯ ಡ್ವೈಟ್ ಬಂದ. ಮಗುವಾಗಿದ್ದಾಗ ಇದೇ ಗೋಡೆಯ ಬುಡದಲ್ಲಿ ಅವಳ ಪಾಠ ಕೇಳಿದವನು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ರಾಜಧಾನಿಯಿಂದ ಫೋನ್ ಬಂದಿದೆ ಮಿಸೆಸ್ ಕೆಸಿಂಜರ್. ನಾನೇನೂ ಮಾಡೋಹಾಗಿಲ್ಲ. ದಯವಿಟ್ಟು ಇಳೀರಿ."

"ಈ ಗಾರೆ ಕಲಸಿದ್ದು ಮುಗೀಲಿ. ಹಾಗೇ ಬಿಟ್ರೆ ಗಟ್ಟಿಯಾಗತ್ತೆ."

ಡ್ವೈಟ್ ಮರದ ನೆರಳಲ್ಲಿ ಒಂದು ಗಂಟೆ ಕಾದ. ಕಮಾನಿನ ಮೇಲಿನ ಕೊನೆಯ ಸಂದಿ ತುಂಬಿ, ಕೈ ತೊಳೆದು, ಅವಳು ಅವನ ಕಾರಿನಲ್ಲಿ ಕೂತಳು. ಹೊರಡುವ ಮೊದಲು ಕಿಟಕಿ ಇಳಿಸಿ ನನಗೆ ಹೇಳಿದಳು: "ಹತ್ತು ದಿನ ಗೋಣಿ ಒಣಗ್ಬಾರ್ದು. ಇದನ್ನಾದ್ರೂ ಮಾಡು."

ನಾನು ದಿನವೂ ಹೋಗಿ ನೀರು ಹಾಕಿದೆ. ನನ್ನನ್ನು ಯಾರೂ ಹಿಡಿಯಲಿಲ್ಲ.

ಎರಡು ಆರೋಪ: ಅಕ್ರಮ ಪ್ರವೇಶ, ಸರ್ಕಾರಿ ಆಸ್ತಿ ನಾಶ. ನವೆಂಬರಿನಲ್ಲಿ ಕೌಂಟಿಯ ಕೋರ್ಟಿನಲ್ಲಿ ವಿಚಾರಣೆ. ನಮ್ಮೂರಿನ ಹನ್ನೆರಡು ಜನ ಜ್ಯೂರಿಯಲ್ಲಿ ಕೂತರು. ಸರ್ಕಾರಿ ವಕೀಲ ನನ್ನನ್ನೇ ಸಾಕ್ಷಿಗೆ ಕರೆಸಿದ.

"ಆರೋಪಿ ಗೋಡೆಗೆ ಸುತ್ತಿಗೆ ಹೊಡೀತಿದ್ದದ್ದನ್ನ ನೀವು ಕಣ್ಣಾರೆ ನೋಡಿದ್ರಾ?"

"ನೋಡ್ದೆ."

"ಎಷ್ಟು ಸಲ?"

"ಮೊದಲ್ನೇ ದಿನ ಬಿಟ್ಟು ದಿನಾ. ಕಾಫಿ ತಂದ್ಕೊಡ್ತಿದ್ದೆ."

ಜನ ನಕ್ಕರು. ವಕೀಲನ ಕಿವಿ ಕೆಂಪಾಯಿತು. "ಒಳ್ಳೆ ಸ್ಥಿತೀಲಿದ್ದ ಗೋಡೆ ಹಾಳು ಮಾಡೋಕೆ ನೀವು ಸಹಾಯ ಮಾಡಿದ್ರಿ ಅಂತೀರಾ?"

"ಒಳ್ಳೆ ಸ್ಥಿತೀಲಿತ್ತು ಅಂತ ತಟ್ಟೆ ಹಿಡ್ಕೊಂಡು ನಿಂತಿದ್ದೆ ಸ್ವಾಮಿ, ಹದಿನಾಲ್ಕರಲ್ಲಿ. ಆ ಫೋಟೋ ನಿಮ್ಮ ಹತ್ರ ಇರ್ಬೇಕಲ್ಲ? ಅವತ್ತು ಸುಳ್ಳಿಗೆ ನಕ್ಕೆ. ಇವತ್ತು ಪ್ರಮಾಣ ಮಾಡಿದೀನಿ."

ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು ಎಂದರು. ಆರ್ಡಿತ್ ನನ್ನ ಕಡೆ ನೋಡಲಿಲ್ಲ. ಮೇಜಿನ ಮೇಲೆ ಇಟ್ಟಿದ್ದ ತನ್ನ ಕೈಗಳನ್ನೇ ನೋಡುತ್ತಿದ್ದಳು.

ಅವಳ ಸರದಿ ಬಂದಾಗ ವಕೀಲ ನೇರವಾಗಿ ಕೇಳಿದ. "ನೀವು ಸರ್ಕಾರದ ಆಸ್ತಿ ಕೆತ್ತಿ ತೆಗೆದಿದ್ದು ನಿಜಾನಾ?"

"ಆಸ್ತಿ ಯಾವ್ದು ಅಂತ ಮೊದ್ಲು ಹೇಳಿ. ಕಲ್ಲಾ, ಸಿಮೆಂಟಾ?"

"ಎರಡೂ."

"ಹಾಗಾದ್ರೆ ಒಂದು ಆಸ್ತಿ ಇನ್ನೊಂದನ್ನ ತಿಂತಿತ್ತು. ತಿಂತಿದ್ದದ್ದನ್ನ ಎಳೆದು ಹಾಕ್ದೆ. ತಪ್ಪಾದ್ರೆ ಶಿಕ್ಷೆ ಕೊಡಿ. ಬಿಟ್ರೆ ಮತ್ತೆ ಹೋಗಿ ಉಳಿದ ಮೂರು ಗೋಡೆದೂ ತೆಗೀತೀನಿ, ಅದನ್ನೂ ಬರ್ಕೊಳಿ."

ಅವಳ ಪರ ವಕೀಲ ಹಣೆ ಹಿಡಿದುಕೊಂಡ.

ಜ್ಯೂರಿ ನಾಲ್ಕು ಗಂಟೆ ಕೂತಿತು. ಅಕ್ರಮ ಪ್ರವೇಶ: ತಪ್ಪಿತಸ್ಥೆ. ಆಸ್ತಿ ನಾಶ: ಅಲ್ಲ. ನ್ಯಾಯಾಧೀಶರು ನೂರು ಗಂಟೆ ಸಮಾಜ ಸೇವೆ ವಿಧಿಸಿ, ಮತ್ತೆ ಬೇಲಿಯೊಳಗೆ ಕಾಲಿಟ್ಟರೆ ಆರು ತಿಂಗಳ ಸೆರೆ ಎಂದರು. ಅವಳು ಕೌಂಟಿಯ ಲಾರಿ ಶೆಡ್ಡಿಗೆ ಬಣ್ಣ ಬಳಿದು ನೂರು ಗಂಟೆ ಮುಗಿಸಿದಳು. ಅಷ್ಟರಲ್ಲಿ ಹಿಮ ಬಿದ್ದಾಗಿತ್ತು. ಹಿಮದಲ್ಲಿ ಗಾರೆ ಕೆಲಸ ಆಗದು. ಕೋರ್ಟು ಅವಳಿಗೆ ಹಾಕಿದ ಬೇಲಿಗಿಂತ ಚಳಿ ಹಾಕಿದ ಬೇಲಿಯೇ ಗಟ್ಟಿ.

ಫೆಬ್ರವರಿಯ ಒಂದು ಮಧ್ಯಾಹ್ನ ಸದ್ದು ನಮ್ಮ ಮನೆಗೂ ಕೇಳಿಸಿತು. ಗಣಿಯಲ್ಲಿ ಸಿಡಿಮದ್ದು ಹಾರಿದಂತೆ. ನಾನು ಹೋಗುವ ಹೊತ್ತಿಗೆ ಆರ್ಡಿತ್ ಬೇಲಿ ಹಿಡಿದು ನಿಂತಿದ್ದಳು. ಪಶ್ಚಿಮ, ಉತ್ತರ, ದಕ್ಷಿಣ ಮೂರೂ ಮುಖ ಕುಸಿದು ರಾಶಿ ಬಿದ್ದಿದ್ದವು. ಪೂರ್ವದ ಗೋಡೆ ಕಮಾನಿನ ಸಮೇತ, ಅವಳು ಎಲ್ಲಿಯವರೆಗೆ ಕೆತ್ತಿ ತುಂಬಿದ್ದಳೋ ಅಲ್ಲಿಯವರೆಗೆ, ನೆಟ್ಟಗೆ ನಿಂತಿತ್ತು. ಅದರ ಮೇಲಿನ ಸಿಮೆಂಟಿನ ಭಾಗ ಕಿತ್ತುಹೋಗಿತ್ತು.

"ನೀನ್ ಹೇಳಿದ್ದೇ ಆಯ್ತು," ಎಂದೆ.

ಅವಳು ತಿರುಗಿ ನನ್ನ ಮೇಲೆ ಹರಿಹಾಯ್ದಳು. "ಆಗ್ಬಾರ್ದಿತ್ತು! ನಾನು ಸುಳ್ಳಾಗ್ಬೇಕಿತ್ತು! ಮೂರು ಗೋಡೆ ಹೋಯ್ತಲ್ಲೇ ವಿಲ್ಮಾ, ಮೂರು ಗೋಡೆ! ಇದನ್ನ ಯಾರೂ ಮತ್ತೆ ಕಟ್ಟೋಕಾಗಲ್ಲ. ನನ್ನನ್ನ ಸರಿ ಅಂತ ಹೊಗಳೋಕೆ ಬಂದಿದೀಯಾ?"

ಆಮೇಲೆ ಬೇಲಿಗೆ ಹಣೆ ಇಟ್ಟು ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಆ ಒಂದೇ ಸಲ.

ನಿಂತ ಒಂದು ಗೋಡೆ, ಬಿದ್ದ ಮೂರು ಗೋಡೆ, ಎರಡೂ ಕಾಣುವ ಫೋಟೋ ರಾಜ್ಯದ ಪತ್ರಿಕೆಗಳಲ್ಲೆಲ್ಲ ಬಂತು. ಅದು ಚುನಾವಣೆಯ ವರ್ಷ. ಭೂಮಿ ಮಾರುವ ಮಸೂದೆ ಸಮಿತಿಯಲ್ಲೇ ಮುದುಡಿ ಬಿತ್ತು. ಅದು ಬಿದ್ದದ್ದು ಯಾರ ಮನಸ್ಸು ಕರಗಿದ್ದರಿಂದಲೂ ಅಲ್ಲ; ಮತ ಹೋದೀತೆಂಬ ಹೆದರಿಕೆಯಿಂದ. ಕಾಡು ಉಳಿಯಿತು, ಸ್ಮಶಾನ ಉಳಿಯಿತು. ಉಳಿದ ಗೋಡೆಯನ್ನು ಭದ್ರಪಡಿಸಲು ಸರ್ಕಾರ ಮತ್ತೆ ಹಣ ಕೊಟ್ಟಿತು. ಈ ಸಲ ಬೇರೆ ರಾಜ್ಯದಿಂದ ಸುಣ್ಣದ ಕೆಲಸ ಬಲ್ಲವರನ್ನು ಕರೆಸಿದರು. ಅವರಲ್ಲಿ ಒಬ್ಬ ಕಮಾನಿನ ಸಂದಿಗಳನ್ನು ಬೆರಳಿಂದ ಮುಟ್ಟಿ ನೋಡಿ, "ಇದನ್ನ ಯಾರು ಮಾಡಿದ್ದು? ಇದನ್ನ ನಾವು ಮುಟ್ಟಲ್ಲ" ಎಂದನಂತೆ. ಆರ್ಡಿತ್‌ಗೆ ಮಾತ್ರ ಸರ್ಕಾರದಿಂದ ಒಂದು ಕಾಗದವೂ ಬರಲಿಲ್ಲ. ಲೈಲ್‌ಗೆ ಬಡ್ತಿ ಸಿಕ್ಕಿತು.

ಕೆಲಸ ಮುಗಿದಾಗ ಮತ್ತೆ ಸಮಾರಂಭ. ಹಫ್ ಗೆದ್ದಿದ್ದರು, ಮತ್ತೆ ಬಂದರು. ಅವರ ಕಡೆಯ ಹುಡುಗಿಯೊಬ್ಬಳು ಆರ್ಡಿತ್ ಮನೆಗೆ ಬಂದು, ವೇದಿಕೆಯಲ್ಲಿ ನಿಮಗೊಂದು ಕುರ್ಚಿ ಹಾಕುತ್ತೇವೆ, ಸನ್ಮಾನ ಇದೆ ಎಂದು ಕರೆದಳು. ಹೋಗುತ್ತಾಳೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಹೋದಳು. ಕೆಸರಿನ ಬೂಟು ಹಾಕಿಕೊಂಡೇ ವೇದಿಕೆ ಹತ್ತಿದಳು. ಹಫ್ ಅವಳನ್ನು "ನಮ್ಮ ಪರಂಪರೆಯ ಕಾವಲುಗಾರ್ತಿ" ಎಂದು ಕರೆದು, ಕೈ ಕುಲುಕಲು ಕೈ ಚಾಚಿದರು. ಅವಳು ತನ್ನ ಕೈಯನ್ನು ಜೇಬಿನಿಂದ ತೆಗೆಯಲಿಲ್ಲ.

"ನೀವು ಬೀಳಿಸಿದ ಮೂರು ಗೋಡೆಗೂ ಒಂದು ಫಲಕ ಹಾಕ್ಸಿ," ಎಂದಳು. "ನಿಮ್ಮ ಹೆಸರೇ ಹಾಕ್ಸಿ. ಅವತ್ತಿನ ಫಲಕ ಆ ರಾಶಿ ಕೆಳಗೇ ಇದೆ, ಹುಡುಕಿದ್ರೆ ಸಿಗತ್ತೆ."

ಅಷ್ಟು ಹೇಳಿ ಇಳಿದು ನಡೆದಳು. ಬ್ಯಾಂಡಿನವರಿಗೆ ಬಾರಿಸಬೇಕೋ ಬೇಡವೋ ತಿಳಿಯಲಿಲ್ಲ. ಒಂದಷ್ಟು ಜನ ಚಪ್ಪಾಳೆ ತಟ್ಟಿದರು. ನಮ್ಮ ಚರ್ಚಿನ ಹೆಂಗಸರು ಇಂದಿಗೂ, ಅಷ್ಟು ದೊಡ್ಡ ಮನುಷ್ಯರ ಚಾಚಿದ ಕೈಯನ್ನು ಹಾಗೆ ಬಿಡಬಾರದಿತ್ತು ಎನ್ನುತ್ತಾರೆ.

ದಾರಿಯಲ್ಲಿ ನಾನು ಕೇಳಿದೆ. "ಹೇಳ್ಬೇಕಾದ್ದನ್ನ ಎದುರಿಗೇ ಹೇಳ್ಬಿಟ್ಟೆ. ಈಗ್ಲಾದ್ರೂ ಸಿಟ್ಟು ಇಳೀತಾ?"

"ಯಾಕ್ ಇಳೀಬೇಕು? ನಂಗೆ ಇನ್ನೂ ಕೆಲ್ಸ ಇದೆ."

ಈಗ ಅವಳಿಗೆ ಎಪ್ಪತ್ತು ದಾಟಿದೆ. ಮೊಣಕಾಲು ಏಣಿ ಹತ್ತಲು ಬಿಡುವುದಿಲ್ಲ. ಆದರೆ ಸುತ್ತಲಿನ ನಾಲ್ಕು ಕೌಂಟಿಗಳಲ್ಲಿ ಸರ್ಕಾರದ ಹಣದಿಂದ ಯಾವ ಹಳೆಯ ಸೇತುವೆ, ಯಾವ ಹಳೆಯ ಗಿರಣಿ ದುರಸ್ತಿಯಾಗುತ್ತಿದೆ ಎಂದು ಕೇಳಿದರೂ ನನ್ನ ಕಾರು ಹೊರಡಿಸುತ್ತಾಳೆ. ಅಲ್ಲಿ ಹೋಗಿ ಲಾರಿಯ ಪಕ್ಕ ನಿಂತು ಮೂಟೆಯ ಮೇಲಿನ ಅಕ್ಷರ ಓದುತ್ತಾಳೆ. ಅವಳನ್ನು ಕಂಡರೆ ಗುತ್ತಿಗೆದಾರರಿಗೆ ಆಗುವುದಿಲ್ಲ. ಕಳೆದ ತಿಂಗಳು ಹಳೆಯ ಗಿರಣಿಯೊಂದರ ಹತ್ತಿರ ಇಂಜಿನಿಯರೊಬ್ಬ, "ಇಲ್ಲಿ ನಿಲ್ಲೋಕೆ ನಿಮಗೆ ಅನುಮತಿ ಯಾರು ಕೊಟ್ರು?" ಎಂದು ಗದರಿದ.

ಆರ್ಡಿತ್ ಮಡಿಸುವ ಕುರ್ಚಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಅವನ ಸಿಮೆಂಟು ಕಲಸುವ ಯಂತ್ರದ ಎದುರಿಗೇ ಬಿಡಿಸಿ ಹಾಕಿ, ಕೂತಳು.